ತಂಗಿಗೆ ಕಾಲೇಜು ನೋಡಲು ಹೋದ ಓಬಳೇಶ

ಬನ್ನಿ, ಕೂತ್ಕೊಳ್ಳಿ. ಬಾಯಲ್ಲಿ ಎಲೆ ಅಡಿಕೆ ಇರೋರು ಮೊದಲು ಉಗಿದು ಬನ್ನಿ. ಈ ಕತೆ ಕೇಳ್ತಾ ನಕ್ಕರೆ ಎದುರಿಗೆ ಕೂತೋರ ಅಂಗಿ ಕೆಂಪಾಗುತ್ತೆ, ಆಮೇಲೆ ನನ್ನ ಮೇಲೆ ಜಗಳಕ್ಕೆ ಬರಬೇಡಿ.

ಹುಲ್ಲೇನಹಳ್ಳಿ ಅಂತ ಒಂದೂರು. ಆ ಊರಲ್ಲಿ ಚೌಡಮ್ಮ ಅಂತ ಒಬ್ಬಳು. ಗಂಡ ಇಲ್ಲ, ಇಬ್ಬರು ಮಕ್ಕಳು. ದೊಡ್ಡೋನು ಓಬಳೇಶ, ಚಿಕ್ಕೋಳು ನೇತ್ರ. ದೇವರು ಬುದ್ಧಿ ಹಂಚೋ ದಿವಸ ಓಬಳೇಶನೂ ಸಾಲಲ್ಲಿ ನಿಂತಿದ್ದನಂತೆ. ಯಾರೋ "ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಪ್ಪಾ" ಅಂದರಂತೆ. ನಿಂತ. ಇವತ್ತಿಗೂ ಅಲ್ಲೇ ನಿಂತಿದ್ದಾನೆ. ಅವನ ಪಾಲೂ ಸೇರಿ ತಂಗಿಗೇ ಸಿಕ್ಕಿತು.

ಆಳು ಮಾತ್ರ ಭರ್ಜರಿ. ಹೆಗಲು ನೋಡಿದರೆ ಜೋಡೆತ್ತು. ಹೇಳಿದ ಕೆಲಸ ಮಾಡೋದಿಲ್ಲ ಅನ್ನೋ ಮಾತೇ ಇಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡ್ತಿದ್ದ, ಚೌಡಮ್ಮನ ಕಷ್ಟ ಇದ್ದದ್ದೇ ಅಲ್ಲಿ. ಒಂದು ದಿನ ಒಲೆ ಮೇಲೆ ಹಾಲಿಟ್ಟು, "ಹಾಲು ಉಕ್ಕಿದ್ರೆ ನಂಗೆ ಹೇಳ್ಲಾ" ಅಂತ ಕೆರೆಗೆ ಬಟ್ಟೆ ಒಗೆಯೋಕೆ ಹೋದಳು. ಇವನು ಕೆರೆವರೆಗೂ ನಡಕೊಂಡು ಬಂದು ಹೇಳಿದ. "ಅವ್ವಾ, ಹಾಲು ಉಕ್ತು."

"ಇಳಿಸಿದ್ಯೇನ್ಲಾ?"

"ಹೇಳು ಅಂದಿದ್ಯಲ್ಲವ್ವ. ಹೇಳ್ದೆ."

ಚೌಡಮ್ಮ ಕಾಲು ಮುರಕೊಂಡಿದ್ದೂ ಹೀಗೇ. ಅಟ್ಟ ಹತ್ತಿದ್ದಳು. "ಏಣಿ ಗಟ್ಟಿಯಾಗಿ ಹಿಡ್ಕೊಂಡಿರು. ಏನೇ ಆದ್ರೂ ಬಿಡಬ್ಯಾಡ" ಅಂದಿದ್ದಳು. ಅಷ್ಟರಲ್ಲಿ ಹಸು ಹಗ್ಗ ಕಿತ್ಕೊಂಡು ಓಡಿತು. "ಹಸು ಓಡ್ತು! ಹಿಡಿಯೋ!" ಅಂತ ಅಟ್ಟದ ಮೇಲಿಂದ ಕೂಗಿದಳು. ಓಬಳೇಶ ಓಡಿದ, ಏಣಿ ಹಿಡ್ಕೊಂಡೇ ಓಡಿದ. ಚೌಡಮ್ಮ ಇಳಿಯೋಕೆ ಕಾಲಿಟ್ಟಳು, ಏಣಿ ಇದ್ದರೆ ತಾನೆ! ಏಣಿ ಆಗ ಊರಾಚೆ ಹಸುವಿನ ಹಿಂದೆ ಓಡ್ತಾ ಇತ್ತು. ಕಾಲಿಗೆ ಬಿದಿರಿನ ಕಟ್ಟು ಹಾಕಿಸ್ಕೊಂಡು ಚೌಡಮ್ಮ ಜಗಲಿ ಹಿಡಿದಳು.

ಸರಿಯಾಗಿ ಅದೇ ಹೊತ್ತಿಗೆ ನೇತ್ರ ಹತ್ತನೇ ಕ್ಲಾಸು ಪಾಸಾದಳು. ಬರೀ ಪಾಸಲ್ಲ, ಸುತ್ತಮುತ್ತಲ ಹಳ್ಳಿಗೆಲ್ಲ ಅವಳೇ ಮೊದಲು. "ಪೇಟೆ ಕಾಲೇಜಿಗೆ ಸೇರ್ಸಿ" ಅಂತ ಸ್ಕೂಲಿನ ಮೇಷ್ಟ್ರು ಮನೆಗೇ ಬಂದು ಹೇಳಿದರು. ಆದರೆ ಆ ಕಾಲೇಜಿಗೆ ಒಂದು ಕಟ್ಟಳೆ ಇತ್ತು. ಮಕ್ಕಳು ತಾವೇ ಬಂದು ಸೇರೋ ಹಾಗಿಲ್ಲ. ಮನೆಯ ದೊಡ್ಡೋರೊಬ್ಬರು ಜೊತೆಗೆ ಬಂದು, ಕಾಲೇಜು ನೋಡಿ, ಪ್ರಿನ್ಸಿಪಾಲರ ಹತ್ತಿರ ಮಾತಾಡಿ ಸೇರಿಸಬೇಕು.

ದೊಡ್ಡೋರು ಅಂದರೆ ಯಾರು? ಅವ್ವನ ಕಾಲು ಮುರಿದಿದೆ. ಇನ್ನು ಉಳಿದೋನು ಚೌಡಮ್ಮನ ಅಣ್ಣ ಪಾಲಯ್ಯ, ಮಕ್ಕಳ ಸೋದರಮಾವ. ಅವನನ್ನ ಕೇಳಿದರೆ ಮೀಸೆ ತಿರುವಿದ.

"ಹೆಣ್ಣುಡ್ಗೀಗೆ ಯಾಕವ್ವಾ ಕಾಲೇಜು? ನನ್ನ ಮಗ ಇಲ್ವಾ? ಟ್ರ್ಯಾಕ್ಟರ್ ಐತೆ, ಮನೆ ಐತೆ. ಆಷಾಢ ಹುಟ್ಟೋದ್ರೊಳಗೆ ಒಪ್ಪಿಗೆ ಶಾಸ್ತ್ರ ಮುಗಿಸ್ಬಿಡಾಣ."

"ಅವಳು ಓದ್ತೀನಿ ಅಂತಾಳೆ ಅಣ್ಣಾ."

"ಆಗ್ಲಿ. ಆಷಾಢದೊಳಗೆ ಕಾಲೇಜು ಸಿಕ್ರೆ ಓದ್ಲಿ. ಸಿಗದಿದ್ರೆ ನಮ್ಮನೆ ಸೊಸೆ. ಯಾರ್ನ ಕಳಿಸ್ತೀಯೋ ಕಳ್ಸು" ಅಂತ ಓಬಳೇಶನ ಕಡೆ ನೋಡಿ ನಕ್ಕ. ಆ ನಗು ನೋಡಿ ನೇತ್ರ ಅವ್ವನ ಸೆರಗು ಹಿಡಕೊಂಡಳು. ಅವಳಿಗೆ ಓದು ಅಂದರೆ ಪ್ರಾಣ, ಮಾವನ ಮಗ ಅಂದರೆ ಪ್ರಾಣ ಹೋದ ಹಾಗೆ.

ಬೇರೆ ದಾರಿ ಇಲ್ಲ. ಚೌಡಮ್ಮ ಮಗನನ್ನು ಕೂರಿಸ್ಕೊಂಡು ಬುದ್ಧಿ ಹೇಳಿದಳು. "ನೋಡ್ಲಾ, ತಂಗೀನ ಕರ್ಕೊಂಡು ಹೋಗಿ ಕಾಲೇಜು ನೋಡ್ಕೊಂಡು ಬಾ. ಮೋಸ ಹೋಗಬ್ಯಾಡ. ಸಂತೇಲಿ ಎತ್ತು ಹೆಂಗೆ ನೋಡ್ತೀಯಾ? ಹಿಂದೆ ಮುಂದೆ ಎಲ್ಲಾ ನೋಡ್ತೀಯಲ್ವಾ? ಹಂಗೆ ನೋಡು." ನೇತ್ರಳಿಗೂ ಹೇಳಿದಳು, "ದೊಡ್ಡೋರ ಮುಂದೆ ನೀನು ಬಾಯಿ ಹಾಕಬ್ಯಾಡ. ಅಣ್ಣ ಮಾತಾಡ್ಲಿ."

ಓಬಳೇಶ ತಲೆ ಆಡಿಸಿದ. ತಲೆ ಆಡಿಸೋದರಲ್ಲಿ ಅವನನ್ನು ಮೀರಿಸೋ ಗಂಡು ಆ ಸೀಮೇಲೇ ಇರಲಿಲ್ಲ.

ಅಣ್ಣ ತಂಗಿ ಬಸ್ಸು ಹತ್ತಿ ಪೇಟೆಗೆ ಬಂದರು. ಕಾಲೇಜಿನ ಗೇಟು ದಾಟಿದರೋ ಇಲ್ಲವೋ, ಓಬಳೇಶ ಶುರು ಮಾಡಿದ. ಕಂಬಕ್ಕೆ ಪಟ್ ಅಂತ ಹೊಡೆದ. "ಪರವಾಗಿಲ್ಲ, ಮೈಕಟ್ಟು ಚೆನ್ನಾಗೈತೆ." ಗೋಡೆ ಸವರಿದ. "ಕೆಟ್ಟ ಸುಳಿ ಗಿಳಿ ಏನಿಲ್ಲ." ಸುತ್ತಿ ಹಿಂದುಗಡೆಗೆ ಹೋದ. ಅಲ್ಲಿ ಒಂದು ಕಡೆ ಕಾಂಪೌಂಡು ಗೋಡೆ ಕುಸಿದು ಸೊಂಟದ ಮಟ್ಟಕ್ಕೆ ಇಳಿದಿತ್ತು. "ಹಿಂಗಾಲು ಸ್ವಲ್ಪ ಕುಂಟು" ಅಂದ. ನೇತ್ರ ಅಂಗಿ ಎಳೆದಳು, ಕೈ ಚಿವುಟಿದಳು. ಎತ್ತು ನೋಡೋವಾಗ ಚಿವುಟಿದರೆ ಯಾರು ಕೇಳ್ತಾರೆ?

ಪ್ರಿನ್ಸಿಪಾಲರ ಕೋಣೆಗೆ ಹೋದರು. ಅವರು ವಯಸ್ಸಾದೋರು, ಬಿಳಿ ಪಂಚೆ, ದಪ್ಪ ಕನ್ನಡಕ. "ಬನ್ನಿ, ಹುಡುಗಿ ಅಣ್ಣನೋ? ಕಾಲೇಜು ನೋಡಿದ್ರಾ?" ಅಂತ ನಗ್ತಾ ಕೇಳಿದರು.

ನಕ್ಕಾಗ ಹಲ್ಲು ಕಂಡಿತು. ಎತ್ತು ನೋಡೋಕೆ ಹೋದೋನು ಹಲ್ಲು ನೋಡದೆ ಬರ್ತಾನಾ? ಓಬಳೇಶ ಮೇಜಿನ ಮೇಲೆ ಬಗ್ಗಿ ಅವರ ದವಡೆ ಹಿಡಿದು ಬಾಯಿ ಅಗಲಿಸಿದ. ಮೇಲಿನ ಸಾಲು ಪೂರ್ತಿ ಕಳಚಿ ಅವನ ಅಂಗೈಗೆ ಬಂತು!

"ಅಯ್ಯಯ್ಯೋ ನೇತ್ರಾ! ಮುದಿ ಎತ್ತಿಗೆ ಹಲ್ಲು ಕಟ್ಸವ್ರೆ! ಮೋಸ!"

"ಹ್ವಫ್! ಹ್ವಫಪ್ಪ!" ಅಂದರು ಪ್ರಿನ್ಸಿಪಾಲರು.

"ಆದ್ರೂ ಇರ್ಲಿ, ಬಂದಿದ್ದೀವಿ, ಒಂದು ಬೆಲೆ ಹೇಳಿ" ಅಂತ ಹೆಗಲ ಮೇಲಿನ ಟವೆಲು ತೆಗೆದು ಅವರ ಕೈ ಮೇಲೆ ಮುಚ್ಚಿ, ಟವೆಲಿನೊಳಗೆ ಬೆರಳು ಹಿಡಿದು ಅಮುಕಿದ. ದನದ ಸಂತೆಯಲ್ಲಿ ದಲ್ಲಾಳಿಗಳು ವ್ಯಾಪಾರ ಮಾಡೋದು ಹಾಗೇ ತಾನೆ, ಯಾರಿಗೂ ಕಾಣದ ಹಾಗೆ. ಜವಾನ ಓಡಿ ಬಂದು ಇಬ್ಬರನ್ನೂ ಗೇಟಿನಾಚೆ ನೂಕಿದ.

ಮನೆಗೆ ಬಂದರು. ನೇತ್ರ ಒಂದೊಂದೇ ಹೇಳಿದಳು. ಚೌಡಮ್ಮನಿಗೆ ಎದ್ದು ಹೊಡೆಯೋಕೆ ಕಾಲಿಲ್ಲ. ಕೈಗೆ ಸಿಕ್ಕ ಲಟ್ಟಣಿಗೆ ಬೀಸಿದಳು. ಅದು ಓಬಳೇಶನನ್ನು ಬಿಟ್ಟು ಕೋಳಿಗೆ ಬಿತ್ತು.

"ಮೇಷ್ಟ್ರ ಬಾಯಿಗೆ ಕೈ ಹಾಕಿದ್ಯೇನೋ ಪಾಪಿ!"

"ನೀನು ಹೇಳ್ದಂಗೇ ಮಾಡ್ದೆ ಕಣವ್ವ!"

"ಅದು ದನದ ಸಂತೆಯಲ್ಲ ಕಣೋ! ಮರ್ಯಾದಸ್ತರ ಜಾಗ! ಸಂಬಂಧ ನೋಡಾಕೆ ಹೋದಾಗ ಹೆಂಗಿರ್ತೀವಿ? ಎಲೆ ಅಡಿಕೆ ಹಿಡ್ಕೊಂಡು, ಮನೆತನ ವಿಚಾರಿಸಿ, ನಯವಾಗಿ ಇರ್ತೀವಲ್ವಾ? ಹಂಗಿರು."

ಓಬಳೇಶ ತಲೆ ಆಡಿಸಿದ.

ಮಾರನೇ ದಿನ ನೋಡಬೇಕಿತ್ತು ಅವನ ಠೀವಿ! ಜರಿ ಪೇಟ, ಇಸ್ತ್ರಿ ಅಂಗಿ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ. ಜವಾನ ಬಾಗಿಲಲ್ಲೇ ತಡೆದ. ಆದರೆ ಲೆಕ್ಕದ ಮೇಡಂ ಅಂತ ಒಬ್ಬರು ಅಲ್ಲಿದ್ದರು, ಒಳ್ಳೇ ಹೆಂಗಸು. ನೇತ್ರಳ ಮುಖ ನೋಡಿ ಮರುಕಪಟ್ಟು, "ನೆನ್ನೆ ಏನೋ ಗೊತ್ತಿಲ್ಲದೆ ಮಾಡಿದಾನೆ ಸಾರ್, ಹುಡುಗಿ ಏನು ಮಾಡಿತು ಪಾಪ" ಅಂತ ಪ್ರಿನ್ಸಿಪಾಲರಿಗೆ ಹೇಳಿ ಒಳಗೆ ಕರ್ಕೊಂಡು ಹೋದರು. ಪ್ರಿನ್ಸಿಪಾಲರು ಒಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡೇ "ಕೂತ್ಕೋ" ಅಂದರು.

ಓಬಳೇಶ ಕುರ್ಚಿ ಮೇಲೆ ಚಕ್ಕಂಬಕ್ಕಳ ಹಾಕ್ಕೊಂಡು ಕೂತ.

"ತಮ್ಮ ಕುಲ ಬೆಡಗು ಯಾವುದು ಸ್ವಾಮಿ?"

"ಆಂ?"

"ಮನೆದೇವ್ರು ಯಾವುದು? ಒಟ್ಟು ಎಷ್ಟು ಜನ ಅಣ್ಣತಮ್ಮಂದ್ರು? ಕುಡಿಯೋದು ಗಿಡಿಯೋದು ಏನಾರ ಐತಾ?"

ಪ್ರಿನ್ಸಿಪಾಲರು ಮೇಡಂ ಕಡೆ ನೋಡಿದರು. ಮೇಡಂ ನಗು ತಡಕೊಂಡು ನೇತ್ರಳಿಗೆ ಲೆಕ್ಕ ಕೇಳೋಕೆ ಶುರು ಮಾಡಿದರು. ಕೇಳಿದ್ದಕ್ಕೆಲ್ಲ ನೇತ್ರ ಪಟಪಟ ಅಂತ ಉತ್ತರ ಹೇಳಿದಳು. ಮೇಡಂಗೆ ಬಲು ಖುಷಿಯಾಯ್ತು. ಓಬಳೇಶನಿಗೂ ಖುಷಿಯಾಯ್ತು.

"ನಮ್ಮ ಹುಡ್ಗೀನ ಕೇಳಿದ್ದಾಯ್ತಲ್ಲ, ಈಗ ನೀವೊಂದು ದೇವರನಾಮ ಹೇಳಿ ತಾಯಿ. ಹಂಗೇ ನಾಕು ಹೆಜ್ಜೆ ನಡೀರಿ. ಕಾಲು ನೆಟ್ಟಗದಾವಾ ನೋಡಾಣ."

"ಅಣ್ಣಾ!" ಅಂದಳು ನೇತ್ರ.

ಮೇಡಂ ಒಳ್ಳೇ ಹೆಂಗಸು ಅಂತ ಹೇಳಿದೆನಲ್ಲ, ಅದನ್ನೂ ನುಂಗಿಕೊಂಡರು. ಟೀ ಬಿಸ್ಕತ್ತು ತರಿಸಿದರು. ನೇತ್ರ ತಿಂದಳು. ಓಬಳೇಶ ಮುಟ್ಟಲಿಲ್ಲ. ಕೊನೆಗೆ ಪ್ರಿನ್ಸಿಪಾಲರೇ ಬಾಯಿಂದ ಕೈ ತೆಗೆದರು.

"ನೋಡಪ್ಪ, ನೀನು ಏನೇ ಆಗಿರು, ಹುಡುಗಿ ಬಹಳ ಜಾಣೆ. ನಮಗೆ ಒಪ್ಪಿಗೆ. ಈಗಲೇ ಸೇರಿಸ್ಕೋತೀವಿ. ಏನಂತೀಯಾ?"

ನೇತ್ರಳ ಕಣ್ಣು ದೀಪದ ಹಾಗೆ ಬೆಳಗಿತು. ಓಬಳೇಶ ನಿಧಾನವಾಗಿ ಎದ್ದ, ಪೇಟ ಸರಿಮಾಡಿಕೊಂಡ, ಕೈ ಮುಗಿದ.

"ಊರಿಗೋಗಿ ಹೇಳಿ ಕಳಿಸ್ತೀವಿ."

"ಏನು?"

"ಇನ್ನೂ ಒಂದೆರಡು ಕಡೆ ನೋಡೋದೈತೆ. ಬೇಜಾರು ಮಾಡ್ಕೋಬ್ಯಾಡಿ. ಋಣಾನುಬಂಧ ಇದ್ರೆ ಆಗ್ತದೆ."

ಸಂಬಂಧ ನೋಡೋಕೆ ಹೋದ ಮನೆಯಲ್ಲಿ ಒಪ್ಪಿಗೆಯಾಗೋ ಮುಂಚೆ ಯಾರಾದರೂ ಸಿಹಿ ಮುಟ್ತಾರಾ? ಕೂತಲ್ಲೇ 'ಆಯ್ತು' ಅಂತಾರಾ? ಓಬಳೇಶ ಕ್ರಮ ತಪ್ಪಲಿಲ್ಲ. ತಂಗಿಯ ಕೈ ಹಿಡಿದು, ತೆಂಗಿನಕಾಯಿ ತಟ್ಟೆ ಸಮೇತ ಹೊರಟೇಬಿಟ್ಟ.

ಮನೆಗೆ ಬಂದರು. ಚೌಡಮ್ಮ ಈ ಸಲ ಮೊರ ಬೀಸಿದಳು. ಮೊರ ಹಾರಿ ಪಕ್ಕದ ಮನೆ ಮಾಳಿಗೆ ಹತ್ತಿತು.

"ಸೇರಿಸ್ಕೋತೀನಿ ಅಂದ್ರೂ ಬಿಟ್ಟು ಬಂದ್ಯಲ್ಲೋ ಹಾಳಾದೋನೇ!"

"ನೀನು ಹೇಳ್ದಂಗೇ ಮಾಡ್ದೆ ಕಣವ್ವ!"

"ನನ್ನ ಹೊಟ್ಟೇಲಿ ಹೆಂಗಾರ ಹುಟ್ಟಿದ್ಯೋ! ಕೇಳ್ಲಾ, ನೀನು ಇನ್ನೇನೂ ಮಾತಾಡಬ್ಯಾಡ. ಅವರು ಏನು ಕೇಳಿದ್ರೂ 'ಹೂಂ' ಅನ್ನು. ಹೂಂ ಅಂದು ಸೇರಿಸಿ ಬಾ. ತಿಳೀತಾ?"

"ಹೂಂ" ಅಂದ ಓಬಳೇಶ. ಹೇಳಿಕೊಟ್ಟ ಕೂಡಲೇ ಕಲಿತನಲ್ಲ ಅಂತ ಚೌಡಮ್ಮನಿಗೆ ಸ್ವಲ್ಪ ಸಮಾಧಾನವಾಯ್ತು.

ಮತ್ತೆ ಬಸ್ಸು, ಮತ್ತೆ ಕಾಲೇಜು. ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ನೋಡಿದರು.

"ಮತ್ತೆ ಬಂದ್ಯಾ?"

"ಹೂಂ."

"ನೆನ್ನೆ ಮಾಡಿದ್ದು ತಪ್ಪು ಅಂತ ಗೊತ್ತಾಯ್ತಾ?"

"ಹೂಂ."

"ಇನ್ನೆರಡು ಕಡೆ ನೋಡೋದೇನೂ ಇಲ್ಲ ತಾನೆ? ಇಲ್ಲೇ ಸೇರಿಸ್ತೀಯಾ?"

"ಹೂಂ."

ಅಬ್ಬಾ! ನೇತ್ರ ಉಸಿರು ಬಿಟ್ಟಳು. ಪ್ರಿನ್ಸಿಪಾಲರ ಮುಖವೂ ಸಡಿಲವಾಯ್ತು. ಪೆನ್ನು ಕೈಗೆತ್ತಿಕೊಂಡರು. ಬರೆಯೋ ಮುಂಚೆ, ಎಲ್ಲರನ್ನೂ ಕೇಳೋ ಹಾಗೆ ಇವನನ್ನೂ ಕೇಳಿದರು.

"ಒಂದು ಮಾತು. ಹಳ್ಳಿಯಿಂದ ಬರೋ ಹೆಣ್ಮಕ್ಕಳನ್ನ ನಡು ವರ್ಷದಲ್ಲಿ ಮದುವೆ ಅಂತ ಬಿಡಿಸ್ಕೊಂಡು ಹೋಗ್ತಾರೆ. ನನ್ನ ಹೊಟ್ಟೆ ಉರಿದುಹೋಗುತ್ತೆ. ನೀನೂ ಹಾಗೇ ಮಾಡ್ತೀಯೇನು?"

"ಹೂಂ."

ಪೆನ್ನು ನಿಂತಿತು. "ಬಿಡಿಸ್ಕೊಂಡು ಹೋಗ್ತೀಯಾ?"

"ಹೂಂ."

"ಹಾಗಾದರೆ ನಾನು ಇಲ್ಲಿ ಕತ್ತೆ ಕಾಯೋಕೆ ಕೂತಿದ್ದೀನಾ?"

"ಹೂಂ."

ಇನ್ನು ಹೇಳೋದೇನಿದೆ? ಈ ಸಲ ಜವಾನನನ್ನು ಕರೆಯಲಿಲ್ಲ, ಪ್ರಿನ್ಸಿಪಾಲರೇ ಎದ್ದು ಬಂದು ನೂಕಿದರು.

ಗ್ರಹಚಾರ ಅಷ್ಟಕ್ಕೇ ಮುಗೀಲಿಲ್ಲ. ಬಸ್ಸಿಳಿದು ಊರ ಕಡೆ ನಡೀತಿದ್ದರೆ ಎದುರಿಗೆ ಸೋದರಮಾವ ಪಾಲಯ್ಯ. "ಏನಳಿಯಾ, ಕಾಲೇಜು ಇಲ್ಲ ಅಂದ್ರಾ?"

"ಹೂಂ."

"ಅಂದ್ಮೇಲೆ ಹುಡ್ಗೀನ ನಮ್ಮನೆಗೆ ಕೊಡ್ತೀರಾ?"

"ಅಣ್ಣಾ, ಬ್ಯಾಡ!" ಅಂತ ನೇತ್ರ ಅವನ ಬಾಯಿ ಮುಚ್ಚೋಕೆ ಹಾರಿದಳು. ಎತ್ತರದ ಆಳು, ಕೈ ಎಟುಕಲಿಲ್ಲ.

"ಹೂಂ."

"ಸೋಮವಾರವೇ ಒಪ್ಪಿಗೆ ಶಾಸ್ತ್ರ ಇಟ್ಕೊಳ್ಳೋಣಾ?"

"ಹೂಂ!"

ಪಾಲಯ್ಯ ಮೀಸೆ ತಿರುವಿ ಹೋದ. ಮನೆಯಲ್ಲಿ ಗಂಡಸು ಅಂತ ಇರೋನು ಮಾತು ಕೊಟ್ಟಮೇಲೆ ಇನ್ಯಾರನ್ನ ಕೇಳಬೇಕು?

ಇದೆಲ್ಲ ಕೇಳಿದ ಚೌಡಮ್ಮನ ಕೈಗೆ ಒನಕೆ ಸಿಕ್ಕಿತು. ಎತ್ತಿದಳು. ಬೀಸಲಿಲ್ಲ. ಮಡಿಲಲ್ಲಿ ಇಟ್ಕೊಂಡು ಅತ್ತಳು. ಮೂಲೆಯಲ್ಲಿ ನೇತ್ರ ಹಳೇ ಪುಸ್ತಕ ಎದೆಗೆ ಒತ್ತಿಕೊಂಡು ಅಳ್ತಾ ಇದ್ದಳು. ಮನೆಯಲ್ಲಿ ಇಬ್ಬರು ಅತ್ತರೆ ಓಬಳೇಶನಿಗೆ ಊಟ ಸೇರುತ್ತಾ? ಮುದ್ದೆ ಹಂಗೇ ಬಿಟ್ಟು ಎದ್ದ.

"ಅವ್ವಾ, ನೀನು ಹೇಳ್ದಂಗೇ..."

"ಗೊತ್ತು ಕಣೋ! ಅದೇ ನನ್ನ ಕರ್ಮ!" ಚೌಡಮ್ಮ ಕಣ್ಣೊರೆಸಿಕೊಂಡಳು. "ಸೋಮವಾರಕ್ಕೆ ಮುಂಚೆ ಇನ್ನೊಂದು ಸಲ ಹೋಗಿ ಬನ್ನಿ. ನೇತ್ರಾ, ಈ ಸಲ ನೀನೇ ಮಾತಾಡು ಮಗಳೇ. ನಾನು ನಿನ್ನ ಬಾಯಿ ಕಟ್ಟಿದ್ದೇ ತಪ್ಪು. ಲೇ ಓಬಳೇಶ, ನೀನು ಬಾಯೇ ತೆಗೀಬ್ಯಾಡ. ತಂಗಿ ಹೆಂಗೆ ಮಾಡ್ತಾಳೋ ನೀನೂ ಹಂಗೆ ಮಾಡು."

ಓಬಳೇಶ ತುಟಿ ಬಿಗಿ ಹಿಡಿದು ತಲೆ ಆಡಿಸಿದ. ಆಮೇಲೆ ಊಟಕ್ಕೂ ಬಾಯಿ ತೆಗೀಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ನಾಲ್ಕನೇ ಸಲ ಕಾಲೇಜಿಗೆ ಬಂದರು. ನೇತ್ರ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು, ಇವನೂ ಬಿಟ್ಟ. ನೇತ್ರ ಜಡೆ ಹಿಂದಕ್ಕೆ ಹಾಕ್ಕೊಂಡಳು, ಇವನು ಇಲ್ಲದ ಜಡೆ ಹಿಂದಕ್ಕೆ ಹಾಕ್ಕೊಂಡ. ನೇತ್ರ ದುಪಟ್ಟಾ ಸರಿಮಾಡಿಕೊಂಡಳು, ಇವನು ಟವೆಲು ಹಾಗೇ ಎದೆ ಮೇಲೆ ಹರಡಿಕೊಂಡ. ಇಬ್ಬರೂ ಕೈ ಮುಗಿದು ಪ್ರಿನ್ಸಿಪಾಲರ ಮುಂದೆ ನಿಂತರು.

"ನಿಮ್ಮ ಕಾಟ ತಪ್ಪೋದೇ ಇಲ್ವಾ?" ಅಂದರು ಅವರು. ಅಂದು, ಹುಷಾರಿಗೆ ಅಂತ ಕುರ್ಚಿ ಸ್ವಲ್ಪ ಹಿಂದಕ್ಕೆ ಎಳಕೊಂಡರು.

ನೇತ್ರ ಮಾತಾಡಿದಳು. "ಸಾರ್, ನಮ್ಮಣ್ಣ ಕೆಟ್ಟೋನಲ್ಲ. ಯಾರು ಏನು ಹೇಳಿದ್ರೂ ಹಂಗೇ ಮಾಡ್ತಾನೆ, ಅಷ್ಟೇ. ಮೊನ್ನೆ ಹೂಂ ಅಂದಿದ್ದೂ ಹಂಗೇ. ನಾನು ಓದ್ಬೇಕು ಸಾರ್. ನೀವು ಸೇರಿಸ್ಕೊಳ್ದಿದ್ರೆ ಸೋಮವಾರ ನಮ್ಮ ಮಾವ ಒಪ್ಪಿಗೆ ಶಾಸ್ತ್ರ ಮಾಡ್ತಾನೆ. ಆಮೇಲೆ ನಾನು ಈ ಕಡೆ ಬರೋದೇ ಇಲ್ಲ." ಹೇಳ್ತಾ ಹೇಳ್ತಾ ಕಣ್ಣಿಂದ ನೀರು ಇಳೀತು.

ತಂಗಿ ಹೆಂಗೆ ಮಾಡ್ತಾಳೋ ಹಂಗೆ ಮಾಡಬೇಕಲ್ಲ, ಓಬಳೇಶನೂ ಮುಖ ಹಿಂಡಿ ಅಳೋಕೆ ಶುರು ಮಾಡಿದ. ಬಾಯಿ ತೆಗೆಯೋ ಹಾಗಿಲ್ಲ, ಮೂಗಿನಲ್ಲೇ "ಮ್ಮ್ಮ್, ಮ್ಮ್ಮ್" ಅಂತ ಅತ್ತ. ಆದರೆ ತಂಗಿ ಮುಖ ನೋಡ್ತಾ ನೋಡ್ತಾ ಅವನಿಗೆ ಏನಾಯ್ತೋ ಏನೋ, ಅಳು ನಿಜವಾಗಿಬಿಟ್ಟಿತು. ದನದಂಥ ಆಳು, ಗಳಗಳ ಅಂತ ಅತ್ತುಬಿಟ್ಟ. ಪೆದ್ದನಿಗೆ ತಲೆ ಇಲ್ಲದಿದ್ದರೆ ಕರುಳೂ ಇರೋದಿಲ್ಲ ಅಂದೋರು ಯಾರು?

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡರು. ಲೆಕ್ಕದ ಮೇಡಂ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು.

"ಓದು ಅಂದರೆ ಸಾಮಾನ್ಯ ಅಲ್ಲಮ್ಮ" ಅಂದರು ಪ್ರಿನ್ಸಿಪಾಲರು. ಭಾಷಣದ ಚಟ ಆ ಪುಣ್ಯಾತ್ಮನಿಗೆ. "ಓದಿಗೆ ಕೊನೆ ಇಲ್ಲ. ನನ್ನನ್ನೇ ನೋಡು. ತಲೆ ನೆರೀತು, ಹಲ್ಲು ಹೋಯ್ತು. ನನ್ನ ಓದು ಇನ್ನೂ ಮುಗಿದಿಲ್ಲ. ಮುಗಿಯೋದೂ ಇಲ್ಲ. ಸರಿ, ಸೇರಿಸ್ಕೋತೀನಿ. ಸೋಮವಾರದಿಂದಲೇ ಕ್ಲಾಸು. ಆದರೆ ನಿಮ್ಮಣ್ಣ ನನಗೆ ಭಾಷೆ ಕೊಡಬೇಕು."

ಮೇಜಿನ ಮೇಲೆ ಅಂಗೈ ಚಾಚಿದರು. "ಲೋ, ಕೇಳು. ಈ ಹುಡುಗಿ ಓದು ಮುಗಿಯೋವರೆಗೂ, ಯಾರೇ ಬಂದು ಕರೆದರೂ, ಇವಳನ್ನ ಈ ಕಾಲೇಜಿನ ಗೇಟಿನಿಂದಾಚೆ ಬಿಡೋದಿಲ್ಲ. ಭಾಷೆ ಕೊಡು."

ಓಬಳೇಶ ತಂಗಿ ಕಡೆ ನೋಡಿದ. ನೇತ್ರ ತನ್ನ ಅಂಗೈಗೆ ತಾನೇ ತಟ್ಟಿ ತೋರಿಸಿದಳು. ಓಬಳೇಶ ಪ್ರಿನ್ಸಿಪಾಲರ ಅಂಗೈ ಮೇಲೆ ಪಟಾರ್ ಅಂತ ಬಡಿದ. ಅವರ ಹಲ್ಲು ಮತ್ತೆ ಅಲ್ಲಾಡಿತು.

"ಯಾರೇ ಬಂದರೂ?"

ಪಟಾರ್!

ಮನೆಗೆ ಬಂದರು. ಈ ಸಲ ಚೌಡಮ್ಮ ಏನೂ ಬೀಸಲಿಲ್ಲ. ಮಗನನ್ನು ಹತ್ತಿರ ಕರೆದು ತಲೆ ಸವರಿದಳು. "ಇನ್ನು ನೀನು ಬಾಯಿ ಬಿಡಬಹುದು ಕಣೋ. ಇಷ್ಟು ದಿನ ನಾನು ಹೇಳಿದ್ದೆಲ್ಲಾ ಮರೆತುಬಿಡು. ಎತ್ತು, ಸಂಬಂಧ, ಹೂಂ, ಎಲ್ಲಾ ಮರೆತುಬಿಡು. ಕೊಟ್ಟ ಭಾಷೆ ಒಂದು ತಪ್ಪಬ್ಯಾಡ."

ಓಬಳೇಶ ತಲೆ ಆಡಿಸಿದ. ಆಮೇಲೆ ಮುದ್ದೆ ಮೇಲೆ ಮುದ್ದೆ ನುಂಗಿದ.

ಸೋಮವಾರ ಬಂತು. ನೇತ್ರ ಹೊಸ ಚೀಲ ಹಾಕ್ಕೊಂಡು ಕಾಲೇಜಿನೊಳಗೆ ಹೋದಳು. ಓಬಳೇಶ ಊರಿಗೆ ವಾಪಸು ಬರಲಿಲ್ಲ. ಗೇಟು ಎಳೆದು, ಬೆನ್ನು ಕೊಟ್ಟು, ಕಾಲು ಅಗಲಿಸಿ ನಿಂತ.

ಮಧ್ಯಾಹ್ನದ ಹೊತ್ತಿಗೆ ಟ್ರ್ಯಾಕ್ಟರ್ ಭಡಭಡ ಅಂತ ಬಂತು. ಸೋದರಮಾವ ಪಾಲಯ್ಯ. ಟ್ರೇಲರಿನಲ್ಲಿ ಹಣ್ಣಿನ ಬುಟ್ಟಿ, ಹೂವಿನ ಬುಟ್ಟಿ, ನಾಲ್ಕು ಜನ ನೆಂಟರು.

"ಅಳಿಯಾ, ನೇತ್ರನ ಕರಿ. ಒಪ್ಪಿಗೆ ಶಾಸ್ತ್ರಕ್ಕೆ ಹೊತ್ತಾಯ್ತು."

"ಓದು ಮುಗೀಲಿ ಮಾವಾ."

"ನೀನೇ ಹೂಂ ಅಂದಿದ್ಯಲ್ಲೋ!"

"ಅದನ್ನೆಲ್ಲ ಮರೆತುಬಿಡು ಅಂದ್ಲು ಅವ್ವ. ಮರೆತುಬಿಟ್ಟೆ."

"ಮಾತು ಕೊಟ್ಟು ಮರೀತೀಯಾ? ಮರ್ಯಾದೆ ಐತೇನೋ ನಿಂಗೆ?"

"ಯಾವ ಮಾತು ಮಾವಾ?"

ಪಾಲಯ್ಯ ಗದರಿದ. ನಯವಾಗಿ ಕೇಳಿದ. ಬಾಳೆಹಣ್ಣು ಕೊಟ್ಟ. ಓಬಳೇಶ ಬಾಳೆಹಣ್ಣು ತಿಂದ, ಗೇಟು ಬಿಡಲಿಲ್ಲ. "ನಿಮ್ಮವ್ವನೇ ಕರ್ಕೊಂಡು ಬಾ ಅಂದವ್ಳೆ ಕಣೋ" ಅಂತ ಸುಳ್ಳು ಬಿಟ್ಟ. "ಯಾರೇ ಬಂದ್ರೂ ಬಿಡಲ್ಲ ಅಂತ ಭಾಷೆ ಮಾವಾ." ಕೊನೆಗೆ ನೆಂಟರೆಲ್ಲ ಸೇರಿ ನೂಕಿದರು. ಜೋಡೆತ್ತಿನ ಹೆಗಲು ಅಂತ ಮೊದಲೇ ಹೇಳಿದ್ದೆ. ಅಲ್ಲಾಡಲಿಲ್ಲ. ಜಾಣರನ್ನಾದರೆ ಏನಾದರೂ ಹೇಳಿ ಒಪ್ಪಿಸಬಹುದು, ಪೆದ್ದನನ್ನ ಹೇಗೆ ಒಪ್ಪಿಸ್ತೀರಿ? ಬಿಸಿಲಿಗೆ ಹೂವು ಬಾಡಿತು, ನೆಂಟರು ಬಾಡಿದರು, ಪಾಲಯ್ಯನ ಮೀಸೆಯೂ ಬಾಡಿತು.

"ಥೂ! ಇಂಥ ಪೆದ್ದು ಮುಂಡೇದಿರೋ ಮನೆ ಸಂಬಂಧವೇ ಬ್ಯಾಡ ನಂಗೆ!" ಅಂತ ಟ್ರ್ಯಾಕ್ಟರ್ ತಿರುಗಿಸ್ಕೊಂಡು ಹೋದ. ಮಹಡಿ ಕಿಟಕಿಯಲ್ಲಿ ನಿಂತು ಇದನ್ನೆಲ್ಲ ನೋಡ್ತಿದ್ದ ನೇತ್ರ ಅಣ್ಣನಿಗೆ ಅಲ್ಲಿಂದಲೇ ಕೈ ಮುಗಿದಳು.

ಇಲ್ಲಿಗೆ ಕತೆ ಮುಗೀತು ಅಂತ ಯಾರೋ ಏಳ್ತಾ ಇದೀರಿ. ಕೂತ್ಕೊಳ್ಳಿ. ಓಬಳೇಶನ ಕತೆ ಅಷ್ಟು ಸುಲಭಕ್ಕೆ ಮುಗಿಯುತ್ತಾ?

ಸಂಜೆ ಬೆಲ್ ಹೊಡೆಯಿತು. ಮಕ್ಕಳೆಲ್ಲ ಗೇಟಿಗೆ ಬಂದರು. ಓಬಳೇಶ ಒಬ್ಬೊಬ್ಬರ ಮುಖ ನೋಡಿ ನೋಡಿ ಬಿಟ್ಟ. ನೇತ್ರ ಬಂದಳು. ಗೇಟು ಧಡ್ ಅಂತ ಮುಚ್ಚಿತು.

"ಅಣ್ಣಾ, ಮನೆಗೋಗಾಣ."

"ಓದು ಮುಗೀತಾ?"

"ಇವತ್ತಿಂದು ಮುಗೀತಣ್ಣ."

"ಇವತ್ತಿಂದು ಅಂತ ಭಾಷೆ ಕೊಟ್ಟಿಲ್ಲ ಕಣವ್ವ. ಪೂರ್ತಿ ಮುಗಿಸ್ಕೊಂಡು ಬಾ. ಎರಡು ವರ್ಷ ತಾನೆ, ಇಲ್ಲೇ ನಿಂತಿರ್ತೀನಿ."

ಪ್ರಿನ್ಸಿಪಾಲರು ಓಡಿ ಬಂದರು. "ಲೋ, ಬಿಡೋ! ಭಾಷೆ ತಗೊಂಡೋನು ನಾ‌ನೇ ಹೇಳ್ತಿದ್ದೀನಿ!"

"ಯಾರೇ ಬಂದ್ರೂ ಅಂದಿದ್ರಿ ಸಾರ್."

ಅಷ್ಟರಲ್ಲಿ ಊರಿಗೆ ವಾಪಸು ಬಂದ ಪಾಲಯ್ಯನ ಬೈಗುಳ ಕೇಳಿ ಗಾಬರಿಯಾದ ಚೌಡಮ್ಮ ಯಾರದೋ ಗಾಡಿ ಹತ್ತಿ, ಕೋಲೂರಿಕೊಂಡು ಕುಂಟುತ್ತಾ ಬಂದಳು. "ಬಿಡ್ಲಾ ತಂಗೀನ!"

"ಭಾಷೆ ತಪ್ಪಬ್ಯಾಡ ಅಂದ್ಯಲ್ಲವ್ವ. ನೀನು ಹೇಳ್ದಂಗೇ ಮಾಡ್ತಾ ಇದೀನಿ."

ಚೌಡಮ್ಮ ಕೋಲೆತ್ತಿದಳು. ಈ ಸಲ ಗುರಿ ತಪ್ಪೋ ಹಾಗಿರಲಿಲ್ಲ, ಮಗ ಎದುರಿಗೇ ಇದ್ದ. ಎತ್ತಿದ ಕೋಲು ಎತ್ತಿದ ಹಾಗೇ ಇತ್ತು. ಇವತ್ತು ಇವನು ಹೀಗೆ ನಿಲ್ಲದೆ ಹೋಗಿದ್ದರೆ ಮಗಳ ಮುಡಿಯಲ್ಲಿ ಈ ಹೊತ್ತಿಗೆ ಪಾಲಯ್ಯನ ಮನೆ ಹೂವಿರ್ತಿತ್ತು. ಕೋಲು ಕೆಳಗಿಟ್ಟಳು. ಮೋರಿಕಟ್ಟೆ ಮೇಲೆ ಕೂತು, ಮುರಿದ ಕಾಲು ಚಾಚಿಕೊಂಡು, ಅಳ್ತಾ ಅಳ್ತಾ ನಗೋಕೆ ಶುರು ಮಾಡಿದಳು.

ನೇತ್ರ ಜಾಣೆ ಅಲ್ಲವೇ? ಮೆಲ್ಲಗೆ ಹಿಂದುಗಡೆಗೆ ಹೋದಳು. ಮೊದಲನೇ ದಿನ ಅಣ್ಣ 'ಹಿಂಗಾಲು ಕುಂಟು' ಅಂದಿದ್ದನಲ್ಲ, ಆ ಕುಸಿದ ಗೋಡೆ ಹಾರಿ, ಸುತ್ತು ಬಳಸಿ ಅಣ್ಣನ ಬೆನ್ನ ಹಿಂದೆ ಬಂದು ನಿಂತಳು.

"ಅಣ್ಣಾ, ಹಸಿವಾಗ್ತೈತೆ. ನಡಿ ಮನೆಗೆ."

ಓಬಳೇಶ ಬೆಚ್ಚಿ ತಿರುಗಿದ. "ಗೇಟಿಂದ ಬಂದ್ಯಾ?"

"ಇಲ್ಲಣ್ಣ. ಗೋಡೆ ಹಾರಿ ಬಂದೆ."

ಓಬಳೇಶ ಬಹಳ ಹೊತ್ತು ಯೋಚನೆ ಮಾಡಿದ. "ಗೇಟಿಂದ ಬಂದಿಲ್ಲ ಅಂದ್ರೆ ಸರಿ" ಅಂದ.

"ಅಪ್ಪಾ ದೇವರೇ!" ಅಂತ ಪ್ರಿನ್ಸಿಪಾಲರು ಕೊಡೆ ತಗೊಂಡು ಗೇಟಿಗೆ ಕೈ ಹಾಕಿದರು.

ಗೇಟು ಮತ್ತೆ ಧಡ್ ಅಂತ ಮುಚ್ಚಿತು.

"ನಿಮ್ಮ ಓದು ಮುಗಿದಿಲ್ಲ, ಮುಗಿಯೋದೂ ಇಲ್ಲ ಅಂತ ನೀವೇ ಹೇಳಿದ್ರಿ ಸಾರ್. ಒಳಗೆ ನಡೀರಿ."

ಪ್ರಿನ್ಸಿಪಾಲರು ಓಬಳೇಶನ ಹೆಗಲು ನೋಡಿದರು. ಹಿಂದುಗಡೆಯ ಗೋಡೆ ನೋಡಿದರು. ಹಲ್ಲು ತೆಗೆದು ಭದ್ರವಾಗಿ ಜೇಬಿಗೆ ಹಾಕ್ಕೊಂಡರು, ಪಂಚೆ ಎತ್ತಿ ಕಟ್ಟಿದರು, ಗೋಡೆ ಕಡೆ ನಡೆದರು.